ಹೇರು, ಸವಾರ, ಪಟು: ದಹಿಸರ್‌ನ ಸೈಕಲ್ಲಿನ ಚರಿತ್ರೆಗೊಂದು ಪ್ರವೇಶ

ಮುಂಬಯಿ ಕನ್ನಡಿಗರ ಬದುಕನ್ನು ಕುರಿತ ಅಧ್ಯಯನಗಳಲ್ಲಿ ರೈಲು, ಚಾಳು, ಹೋಟೆಲು, ರಾತ್ರಿಶಾಲೆ, ಯಕ್ಷಗಾನ ಇವು ಮತ್ತೆ ಮತ್ತೆ ಎದುರಾಗುತ್ತವೆ. ಆ ನಗರವನ್ನು ಕುರಿತ ನಮ್ಮ ಕಥನಸಾಹಿತ್ಯವೂ ಬಹುಮಟ್ಟಿಗೆ ರೈಲಿನ ಮತ್ತು ಕೋಣೆಯ ಸಾಹಿತ್ಯವೇ ಆಗಿದೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಂಪನಿಯ ಕಚೇರಿಗಳ ಒಳಜಗತ್ತನ್ನು ಹೊಕ್ಕಿತು. ಜಯಂತ ಕಾಯ್ಕಿಣಿಯವರ ಒಂದು ಸಂಕಲನದ ಹೆಸರೇ ‘ತೂಫಾನ್ ಮೇಲ್’. ಇವುಗಳ ನಡುವೆ ಸೈಕಲ್ಲು ಎಲ್ಲಿಯೋ ಗೋಡೆಗೆ ಒರಗಿ ನಿಂತಿರುತ್ತದೆ. ಅದರತ್ತ ಯಾರೂ ತಿರುಗಿ ನೋಡುವುದಿಲ್ಲ. ಮಹಾನಗರದ ಉತ್ತರದ ಅಂಚಿನ ಉಪನಗರವಾದ ದಹಿಸರ್ ಅನ್ನು ಆಧಾರವಾಗಿಟ್ಟುಕೊಂಡು, ಹೀಗೆ ಒರಗಿ ನಿಂತ ವಸ್ತುವಿನ ಚರಿತ್ರೆಯನ್ನು ಬರೆಯುವುದಾದರೆ ಅದಕ್ಕೆ ಆಕರಗಳು ಯಾವುವು, ಅದು ಯಾರ ಚರಿತ್ರೆಯಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಹಿಸರ್ ಅನ್ನೇ ಆರಿಸಿಕೊಳ್ಳಲು ಕಾರಣವಿದೆ. 1957ರಲ್ಲಿ ಬೃಹನ್ಮುಂಬಯಿಯ ಮೇರೆಯನ್ನು ಪಶ್ಚಿಮದಲ್ಲಿ ದಹಿಸರ್‌ವರೆಗೆ, ಪೂರ್ವದಲ್ಲಿ ಮುಲುಂಡ್‌ವರೆಗೆ ವಿಸ್ತರಿಸಲಾಯಿತು. ಅಂದಿನಿಂದ ದಹಿಸರ್ ಎಂದರೆ ನಗರ ಮುಗಿಯುವ ಜಾಗ. ಒಂದು ಕಡೆ ತುಳಸಿ ಕೆರೆಯ ಕಾಡಿನಿಂದ ಇಳಿದುಬರುವ ದಹಿಸರ್ ನದಿ, ಇನ್ನೊಂದು ಕಡೆ ಖಾಡಿ ಮತ್ತು ಉಪ್ಪಿನ ಗದ್ದೆಗಳು, ನಡುವೆ ಹೆದ್ದಾರಿ, ಹೆದ್ದಾರಿಯ ಮೇಲೆ ಚೆಕ್ ನಾಕಾ. ನಗರದ ನಡುವೆ ಜಾಗ ಸಾಲದಾದಾಗ ಕೋಟೆ ಪ್ರದೇಶದ ಹೋಟೆಲುಗಳಲ್ಲಿಯೂ ಗಿರಣಗಾಂವ್‌ನ ಚಾಳುಗಳಲ್ಲಿಯೂ ಇದ್ದ ಕನ್ನಡ, ತುಳು, ಕೊಂಕಣಿ ಮನೆಗಳು ರೈಲುದಾರಿ ಹಿಡಿದು ಬೋರಿವಲಿ, ದಹಿಸರ್, ಭಾಯಂದರ್‌ಗಳ ಕಡೆಗೆ ಸರಿದವು. ಹಾಗೆ ಬಂದವರಲ್ಲಿ ನಮ್ಮ ಸೋದರಮಾವನೂ ಒಬ್ಬರು. ಅವರ ಮಾತು ಮುಂದೆ ಬರುತ್ತದೆ.

ಮೊದಲು ಆಕರದ ಪ್ರಶ್ನೆ. ನಮ್ಮ ಅಭ್ಯಾಸದ ಕ್ಷೇತ್ರ ನಡುಗನ್ನಡ ಸಾಹಿತ್ಯ. ಶಾಸನಗಳನ್ನು ಓದಿದ ಕಣ್ಣಿಗೆ ದಹಿಸರ್ ನಾಕಾ ಅಪರಿಚಿತವೆನಿಸುವುದಿಲ್ಲ. ಕಲ್ಯಾಣ ಚಾಲುಕ್ಯರ, ಹೊಯ್ಸಳರ ಕಾಲದ ಸುಂಕದ ಶಾಸನಗಳು ದಾರಿಯಲ್ಲಿ ಸಾಗುವ ಸರಕನ್ನು ಹೊರುವವರ ಲೆಕ್ಕದಲ್ಲಿ ಎಣಿಸುತ್ತವೆ: ಭಂಡಿ, ಹೇರು, ಕತ್ತೆಯ ಹೇರು, ತಲೆವೊರೆ. ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಿ ವ್ಯಾಪಾರಿಯ ಬಿರುದುಗಳ ಜೊತೆಗೆ ಅವನ ಎತ್ತು, ಕೋಣ, ಕತ್ತೆಗಳೂ ಕಾಣಿಸಿಕೊಳ್ಳುತ್ತವೆ. ದೊಡ್ಡ ಸುಂಕಕ್ಕೆ ಪೆರ್ಜುಂಕವೆಂದು ಹೆಸರು. ಸಣ್ಣಪುಟ್ಟ ಸರಕಿನ ಸುಂಕಕ್ಕೆ ಕಿರುಕುಳ. (ಆ ಮಾತಿಗೆ ಇಂದು ಉಳಿದಿರುವ ಅರ್ಥವನ್ನು ನೋಡಿದರೆ ಸಣ್ಣ ವ್ಯಾಪಾರಿಯ ಅನುಭವ ಭಾಷೆಯಲ್ಲಿ ಹೇಗೆ ಹೆಪ್ಪುಗಟ್ಟುತ್ತದೆ ಎಂಬುದು ತಿಳಿಯುತ್ತದೆ.) ತಲೆಯ ಮೇಲೆ ಹೊರೆ ಹೊತ್ತು ನಡೆದವನಿಗೆ ಹನ್ನೊಂದನೆಯ ಶತಮಾನದ ಕಲ್ಲಿನಲ್ಲಿ ಒಂದು ಜಾಗವಿದ್ದುದು ಅವನ ಮೇಲಿನ ಪ್ರೀತಿಯಿಂದಲ್ಲ, ಅವನಿಂದ ಸುಂಕ ಬರಬೇಕಿತ್ತು.

ದಹಿಸರ್ ನಾಕಾದಲ್ಲಿ ಮುಂಬಯಿ ಮಹಾನಗರಪಾಲಿಕೆಯ ಜಕಾತಿ 2017ರ ಜುಲೈ 1ರವರೆಗೂ ನಡೆಯಿತು. ಸರಕು ಮತ್ತು ಸೇವಾ ತೆರಿಗೆ ಬಂದ ದಿನ ಅದು ನಿಂತಿತು. ಪಕ್ಕದ ಟೋಲ್ ನಾಕಾದಲ್ಲಿ ಕಾರು ಮೊದಲಾದ ಲಘು ವಾಹನಗಳ ಟೋಲನ್ನು 2024ರ ಅಕ್ಟೋಬರ್‌ನಲ್ಲಿ ಮನ್ನಾ ಮಾಡಲಾಯಿತು. ಲಾರಿಗೆ ರಸೀದಿಯಿದೆ, ಕಾರಿಗೆ ರಸೀದಿಯಿತ್ತು. ಸೈಕಲ್ಲಿಗೆ ಟೋಲ್ ಇಲ್ಲ, ಸಾರಿಗೆ ಕಚೇರಿಯ ನೋಂದಣಿಯಿಲ್ಲ, ಚಾಲನಾ ಪರವಾನಗಿಯಿಲ್ಲ. ಕರ್ನಾಟಕದ ಅನೇಕ ಪುರಸಭೆಗಳು ಹಿಂದೆ ಸೈಕಲ್ಲಿಗೆ ವಾರ್ಷಿಕ ತೆರಿಗೆ ವಿಧಿಸಿ ಒಂದು ಲೋಹದ ಬಿಲ್ಲೆಯನ್ನು ಕೊಡುತ್ತಿದ್ದವು. ಬಿಲ್ಲೆಯಿಲ್ಲದೆಯೋ ದೀಪವಿಲ್ಲದೆಯೋ ಇಬ್ಬರನ್ನು ಕೂರಿಸಿಕೊಂಡೋ ಹೋದವನನ್ನು ಪೊಲೀಸರು ಹಿಡಿಯುತ್ತಿದ್ದರು, ಚಕ್ರದ ಗಾಳಿಯನ್ನೂ ಬಿಡುತ್ತಿದ್ದರು. ಆ ಕಿರುಕುಳ ಹೋಯಿತು, ಸಂತೋಷವೇ. ಅದರ ಜೊತೆಗೆ ಸೈಕಲ್ಲಿನ ಬಗ್ಗೆ ಆಡಳಿತ ಇಟ್ಟುಕೊಳ್ಳುತ್ತಿದ್ದ ಒಂದು ಲೆಕ್ಕವೂ ಹೋಯಿತು. ಜನರು ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದು 2011ರ ಜನಗಣತಿ ಕೇಳಿತು. ಅದು ಮನೆಯಿಂದ ಕೆಲಸದ ಜಾಗಕ್ಕೆ ಹೋಗುವ ದಾರಿಯನ್ನು ಕೇಳಿತು. ಸೈಕಲ್ಲೇ ಕೆಲಸದ ಜಾಗವಾದವನಿಗೆ ಆ ಪಟ್ಟಿಯಲ್ಲಿ ಎಡೆಯಿಲ್ಲ.

ಹೀಗಾಗಿ ಉಳಿದಿರುವ ಲಿಖಿತ ಆಕರಗಳು ಬೇರೊಂದು ವರ್ಗದವು. ಮುಂಬಯಿಯ ಸೈಕಲ್ ಚರಿತ್ರೆಯೆಂದರೆ ಮೊದಲು ಹೇಳುವುದು ಪಾರಸಿ ಯುವಕರ ವಿಶ್ವಯಾತ್ರೆಯನ್ನು. 1923ರ ಅಕ್ಟೋಬರ್ 15ರಂದು ಆರು ಮಂದಿ ಮುಂಬಯಿಯಿಂದ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲ, ರುಸ್ತಮ್ ಭೂಮ್‌ಗರಾ ಈ ಮೂವರು ಸುತ್ತು ಮುಗಿಸಿ 1928ರ ಮಾರ್ಚ್‌ನಲ್ಲಿ ಮರಳಿದರು. ಅವರು ಬರೆದ ಪ್ರವಾಸಗ್ರಂಥ 1931ರಲ್ಲಿ ಪ್ರಕಟವಾಯಿತು. ಮರುಭೂಮಿಯನ್ನೂ ಹಿಮವನ್ನೂ ದಾಟಿದ ಆ ಸಾಹಸವನ್ನು ಕಿರಿದುಗೊಳಿಸುವ ಉದ್ದೇಶ ನಮಗಿಲ್ಲ. ಆದರೆ ಅದು ಸೈಕಲ್ಲಿನಿಂದ ನಗರವನ್ನು ಬಿಟ್ಟುಹೋದವರ ಕಥೆ. ಸೈಕಲ್ಲಿನಿಂದ ನಗರವನ್ನು ನಡೆಸಿದವರ ಕಥೆಯಲ್ಲ. ವರ್ಲಿಯಲ್ಲಿ ಹಿಂದ್ ಸೈಕಲ್ಸ್ ಕಾರ್ಖಾನೆಯಿತ್ತು. ಅದನ್ನೂ ಬಂಗಾಳದ ಸೆನ್-ರಾಲೆಯನ್ನೂ 1980ರ ಕಾಯಿದೆಯ ಮೂಲಕ ರಾಷ್ಟ್ರೀಕರಿಸಲಾಯಿತು. ಮುಂದೆ ಎರಡೂ ಮುಚ್ಚಿದವು. 1952ರ ಜನವರಿಯಲ್ಲಿ ಮುಂಬಯಿಯಲ್ಲಿ ಆರಂಭವಾದ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಡಿ ಸೀಕನ ‘ಬೈಸಿಕಲ್ ಥೀವ್ಸ್’ ತೋರಿಸಲ್ಪಟ್ಟಿತು. ಸೈಕಲ್ ಕಳೆದುಕೊಂಡವನು ಕೆಲಸವನ್ನೇ ಕಳೆದುಕೊಳ್ಳುತ್ತಾನೆ ಎಂಬ ಆ ಚಿತ್ರದ ಸರಳ ಸತ್ಯ ಈ ನಗರದ ಹಾಲಿನವನಿಗೆ ಚಿತ್ರ ನೋಡದೆಯೇ ಗೊತ್ತಿತ್ತು.

ಮುಂಬಯಿಯ ಸೈಕಲ್ಲನ್ನು ಪುಣೆಯ ಅಥವಾ ಮೈಸೂರಿನ ಸೈಕಲ್ಲಿನೊಂದಿಗೆ ಹೋಲಿಸುವಾಗ ಒಂದು ಎಚ್ಚರ ಅಗತ್ಯ. ಆ ಊರುಗಳಲ್ಲಿ ಗುಮಾಸ್ತ, ಮೇಷ್ಟ್ರು, ವಿದ್ಯಾರ್ಥಿ ಎಲ್ಲರೂ ಸೈಕಲ್ಲಿನಲ್ಲಿಯೇ ಓಡಾಡಿದರು. ಮುಂಬಯಿ ಹಾಗಲ್ಲ. ಅದು ಉದ್ದಕ್ಕೆ ಬೆಳೆದ ಊರು. 1928ರಲ್ಲಿ ಕೊಲಾಬಾದಿಂದ ಬೋರಿವಲಿಯವರೆಗೆ, 1936ರಲ್ಲಿ ವಿರಾರ್‌ವರೆಗೆ ವಿದ್ಯುತ್ ರೈಲು ಬಂದ ಮೇಲೆ ದೂರದ ಪ್ರಯಾಣವೆಲ್ಲ ರೈಲಿನ ಪಾಲಾಯಿತು. ಚರ್ಚ್‌ಗೇಟಿನಿಂದ ದಹಿಸರ್ ಸುಮಾರು 36 ಕಿಲೊಮೀಟರು. ದಿನಕ್ಕೆರಡು ಬಾರಿ ಇಷ್ಟನ್ನು ತುಳಿದು ಹೋಗುವವರು ಅಪರೂಪ. ರೈಲು ಮಾಡಲಾಗದ ಕೆಲಸವೊಂದು ಉಳಿಯಿತು: ನಿಲ್ದಾಣದಿಂದ ಮನೆಯ ಬಾಗಿಲವರೆಗೆ ಸರಕನ್ನು ಒಯ್ಯುವುದು. ಆ ಕೆಲಸವನ್ನು ಸೈಕಲ್ಲು ವಹಿಸಿಕೊಂಡಿತು. ಆದ್ದರಿಂದ ಮುಂಬಯಿಯಲ್ಲಿ, ಅದರಲ್ಲಿಯೂ ದಹಿಸರ್‌ನಂಥ ಅಂಚಿನಲ್ಲಿ, ಸೈಕಲ್ಲು ಮೊದಲಿನಿಂದಲೂ ಮನುಷ್ಯನ ವಾಹನಕ್ಕಿಂತ ಹೆಚ್ಚಾಗಿ ಹೇರಿನ ವಾಹನ. ಶಾಸನದ ಪರಿಭಾಷೆಯಲ್ಲಿ ಹೇಳುವುದಾದರೆ ಭಂಡಿಗೂ ತಲೆವೊರೆಗೂ ನಡುವಣದು.

ಈ ಹೇರಿನ ವೈವಿಧ್ಯ ಗಮನಾರ್ಹವಾದುದು. ಬೆಳಗಿನ ಜಾವ ತಬೇಲಾಗಳಿಂದ ಹೊರಡುವ ಉತ್ತರ ಪ್ರದೇಶದ ಭೈಯಾಗಳು ಹಾಲಿನ ಕ್ಯಾನುಗಳನ್ನು ಎರಡೂ ಬದಿಗೆ ತೂಗುಹಾಕಿಕೊಂಡು ಬರುತ್ತಿದ್ದರು. ಅವರ ಬೆನ್ನಿಗೇ ಬೇಕರಿಯ ಪಾವ್‌ವಾಲಾ. ಅನಂತರ ಪತ್ರಿಕೆಯ ಹುಡುಗ. ಹಿಂದಿನ ಕ್ಯಾರಿಯರ್ ಮೇಲೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡ್ಲಿ, ಚಟ್ನಿ, ಸಾಂಬಾರು ಹೊತ್ತು, ರಬ್ಬರ್ ಹಾರನ್ನನ್ನು ಪೋಂ ಪೋಂ ಎಂದು ಹಿಚುಕುತ್ತ ಬರುವವರು ಬಹುತೇಕ ತಮಿಳರು. ಸ್ಟ್ಯಾಂಡು ಹಾಕಿದ ಸೈಕಲ್ಲಿನ ಮೇಲೆಯೇ ಕುಳಿತು ಪೆಡಲು ತುಳಿದು ಸಾಣೆಕಲ್ಲು ತಿರುಗಿಸುವ ಚಾಕು-ಕತ್ತರಿಯವನಿಗೆ ಸೈಕಲ್ಲು ವಾಹನವೂ ಹೌದು, ಯಂತ್ರವೂ ಹೌದು. ರಾತ್ರಿಯ ಹೊತ್ತು ಥರ್ಮಾಸು ಕಟ್ಟಿಕೊಂಡು ಚಹಾ ಮಾರುವವನು ಈ ಪಟ್ಟಿಯ ಕೊನೆಯವನು. ಅಥವಾ ನಸುಕಿನಲ್ಲಿ ಮೊದಲನೆಯವನು. ಇವರೆಲ್ಲರಲ್ಲಿ ಜಗತ್ತಿಗೆ ಗೊತ್ತಾದವರು 1890ರಿಂದ ನಡೆದುಬಂದ ಡಬ್ಬಾವಾಲಾಗಳು ಮಾತ್ರ. 2003ರಲ್ಲಿ ಬ್ರಿಟನ್ನಿನ ರಾಜಕುಮಾರ ಚಾರ್ಲ್ಸ್ ಅವರನ್ನು ಕಂಡುಹೋದ ಮೇಲೆ ಆಡಳಿತಶಾಸ್ತ್ರದ ಪಾಠಗಳಲ್ಲಿಯೂ ಅವರಿಗೆ ಮನ್ನಣೆ ಹೆಚ್ಚಿತು. ಆ ಪಾಠಗಳು ಡಬ್ಬಿಯ ಮೇಲಿನ ಸಂಕೇತಾಕ್ಷರಗಳನ್ನು ವಿವರಿಸುತ್ತವೆ. ಹತ್ತಾರು ಡಬ್ಬಿಗಳನ್ನು ಹ್ಯಾಂಡಲ್ಲಿಗೂ ಕ್ಯಾರಿಯರಿಗೂ ತೂಗುಹಾಕಿದಾಗ ಸೈಕಲ್ಲಿನ ಮುಂಚಕ್ರವನ್ನು ನೇರವಾಗಿ ಹಿಡಿಯುವುದು ಹೇಗೆ ಎಂಬುದನ್ನು ಅಲ್ಲಿ ವಿವರಿಸಿದ್ದನ್ನು ನಾವು ಕಾಣೆವು.

ಉಡುಪಿ ಹೋಟೆಲಿನ ಸೈಕಲ್ಲು ಈ ಪರಂಪರೆಗೇ ಸೇರಿದ್ದು. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಬೋರ್ಡಿಂಗಿನಂಥ ಹೆಸರಾಂತ ಸಂಸ್ಥೆಗಳ ಚರಿತ್ರೆ ಬಲ್ಲವರುಂಟು. ಉಪನಗರದ ಸಣ್ಣ ಹೋಟೆಲಿನ ಹಿಂಬಾಗಿಲಿನಲ್ಲಿ ನಿಂತಿರುತ್ತಿದ್ದ ಕರಿಯ ಸೈಕಲ್ಲಿನ ಚರಿತ್ರೆಯನ್ನು ಬಲ್ಲವರು ವಿರಳ. ನಾವು ಅದನ್ನು ಕಂಡದ್ದು 1987ರ ಬೇಸಿಗೆ ರಜೆಯಲ್ಲಿ, ದಹಿಸರ್‌ನ ಚಾಳಿನಲ್ಲಿದ್ದ ಸೋದರಮಾವನ ಮನೆಗೆ ಹೋಗಿದ್ದಾಗ. ಮಾವ ಒಂದು ಹೋಟೆಲಿನಲ್ಲಿ ಸಪ್ಲಾಯರಾಗಿ ಸೇರಿ ಅನಂತರ ಗಲ್ಲಾದವರೆಗೆ ಏರಿದವರು. ಹೋಟೆಲಿಗೆ ಇದ್ದದ್ದು ಒಂದೇ ಸೈಕಲ್ಲು. ಬೆಳಗ್ಗೆ ಅದರ ಮೇಲೆ ಮಾರುಕಟ್ಟೆಯಿಂದ ತೆಂಗಿನಕಾಯಿಯ ಚೀಲ, ಬಾಳೆಎಲೆಯ ಕಟ್ಟು, ಮಂಜುಗಡ್ಡೆ. ಹತ್ತು ಗಂಟೆಯಿಂದ ಸುತ್ತಲಿನ ಕಚೇರಿ, ಗಾಲಾಗಳಿಗೆ ಚಹಾ. ತಂತಿಯ ಜಾಲರಿಯಲ್ಲಿ ಗ್ಲಾಸು, ಇನ್ನೊಂದು ಕೈಯಲ್ಲಿ ಕಿಟ್ಲಿ ಹಿಡಿದು ಹುಡುಗನೊಬ್ಬ ಒಂದೇ ಕೈಯಲ್ಲಿ ಸೈಕಲ್ಲು ಬಿಡುವುದನ್ನು ನಾವು ಬೆರಗಿನಿಂದ ನೋಡಿದ್ದುಂಟು. ರಾತ್ರಿ ಬಾಗಿಲು ಹಾಕಿದ ಮೇಲೆ, ರಾತ್ರಿಶಾಲೆಯಿಂದ ಹಿಂತಿರುಗಿದ ಹುಡುಗರು ಅದೇ ಸೈಕಲ್ಲಿನಲ್ಲಿ ಬೀದಿದೀಪದ ಕೆಳಗೆ ಕಲಿಯುತ್ತಿದ್ದರು. ಬಾರಿನ ಕೆಳಗಿನಿಂದ ಕಾಲು ತೂರಿಸಿ ಒಳಪೆಡಲು, ಅನಂತರ ಬಾರಿನ ಮೇಲಿನಿಂದ, ಕೊನೆಗೆ ಸೀಟು. ಘಟ್ಟದ ಕೆಳಗಿನ ಊರುಗಳಿಂದ ಸೈಕಲ್ಲು ಕಲಿಯದೆ ಬಂದ ಎಷ್ಟೋ ಹುಡುಗರು ಹೀಗೆ ಕಲಿತರು.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮುಂಬಯಿಯಲ್ಲಿದ್ದ ಮಾವ ಒಮ್ಮೆಯೂ ‘ನನ್ನ ಸೈಕಲ್’ ಎಂದದ್ದನ್ನು ನಾವು ಕೇಳಲಿಲ್ಲ. ಅದು ಯಾವಾಗಲೂ ‘ಹೋಟೆಲಿನ ಸೈಕಲ್’. ತಾನು ದಿನವೂ ಓಡಿಸಿದ ವಾಹನ ತನ್ನದಲ್ಲ ಎಂಬ ಈ ವಿವರ ಮುಖ್ಯವೆಂದು ನಮಗೆ ಈಗ ಅನಿಸುತ್ತದೆ. ಊರಿಗೆ ಬರೆದ ಕಾಗದಗಳಲ್ಲಿ ರೈಲಿನ ನೂಕುನುಗ್ಗಲು ಬರುತ್ತದೆ, ಮಳೆ ಬರುತ್ತದೆ, ಖೋಲಿಯ ಬಾಡಿಗೆ ಬರುತ್ತದೆ. ಸೈಕಲ್ಲು ಬರುವುದೇ ಇಲ್ಲ. ಅದು ಅವರ ಪಾಲಿಗೆ ರುಬ್ಬುಕಲ್ಲಿನಂತೆ ಒಂದು ಕೆಲಸದ ಸಲಕರಣೆಯಾಗಿತ್ತು.

ಈ ಕುರಿತು ಭಾಷೆ ಹೇಳುವ ಸಾಕ್ಷ್ಯವನ್ನು ತುಸು ವಿಸ್ತಾರವಾಗಿ ನೋಡಬಹುದು. ಸೈಕಲ್ಲಿನ ಕ್ರಿಯಾಪದ ಕನ್ನಡದಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ. ಹಳೆಯ ಮೈಸೂರಿನವರು ಸೈಕಲ್ ತುಳಿಯುತ್ತಾರೆ. ಉತ್ತರ ಕರ್ನಾಟಕದವರು ಎತ್ತಿನ ಬಂಡಿಯಂತೆ ಹೊಡೆಯುತ್ತಾರೆ. ಕರಾವಳಿಯವರು ದೋಣಿಯಂತೆ ಬಿಡುತ್ತಾರೆ. ಮುಂಬಯಿಯಲ್ಲಿ ಈ ಮೂರೂ ಕೂಡುತ್ತವೆ. ಜೊತೆಗೆ ಮರಾಠಿಯ ‘ಚಾಲವಣೆ’ಯ ನೆರಳಿನಲ್ಲಿ ‘ಚಲಾಯಿಸು’ ಎಂಬುದೂ ಬರುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ‘ಡಬಲ್ ಸೀಟ್’. ಬಿಡಿಭಾಗಗಳ ಹೆಸರೆಲ್ಲ ಇಂಗ್ಲಿಷಿನವು, ಒಂದೆರಡನ್ನು ಬಿಟ್ಟು: ಚಕ್ರದ ಕಡ್ಡಿ ನಮ್ಮದೇ, ಗಾಳಿಯೂ ನಮ್ಮದೇ.

ಆದರೆ ಸೈಕಲ್ಲು ಬಿಡುವ ಮನುಷ್ಯನನ್ನು ಏನೆಂದು ಕರೆಯಬೇಕು? ಕನ್ನಡ ಪತ್ರಿಕೆಗಳಲ್ಲಿ ಎರಡು ಮಾತುಗಳಿವೆ. ಒಂದು ‘ಸೈಕಲ್ ಸವಾರ’. ಕುದುರೆಯ ಮೇಲಿಂದ ಇಳಿದುಬಂದ ಈ ಘನವಾದ ಪದ ಹೆಚ್ಚಾಗಿ ಅಪಘಾತದ ಸುದ್ದಿಯಲ್ಲಿ ಕಾಣಿಸಿಕೊಳ್ಳುತ್ತದೆ: ಲಾರಿ ಡಿಕ್ಕಿ, ಸೈಕಲ್ ಸವಾರ ಸಾವು. ಇನ್ನೊಂದು ‘ಸೈಕಲ್ ಪಟು’ ಅಥವಾ ‘ಸೈಕ್ಲಿಸ್ಟ್’, ಇದು ಕ್ರೀಡಾಪುಟದ್ದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹೆಸರಾಂತ ಸ್ಪರ್ಧಿಗಳು, ಮುಂಬಯಿ-ಪುಣೆ ಸ್ಪರ್ಧೆಯಲ್ಲಿ ಬೋರ್ ಘಟ್ಟವನ್ನು ಮೊದಲು ಏರಿ ‘ಘಾಟಾಚಾ ರಾಜಾ’ ಎನಿಸಿಕೊಂಡವರು ಇಂಥವರು ಪಟುಗಳು. ದಿನವೂ ಹಾಲು, ಪಾವ್, ಡಬ್ಬಿ ಹೊತ್ತವನು ಪಟುವಲ್ಲ. ಸಾಯುವವರೆಗೆ ಸವಾರನೂ ಅಲ್ಲ. ಅವನು ಹಾಲಿನವನು, ಪಾವಿನವನು, ಪೇಪರಿನವನು. ಹೇರಿನ ಹೆಸರೇ ಅವನ ಹೆಸರು. ದಹಿಸರ್ ನಿಲ್ದಾಣದ ಹೊರಗೆ ಒಬ್ಬ ಪಾವ್‌ವಾಲಾನನ್ನು, ‘ನೀವು ಎಷ್ಟು ವರ್ಷದಿಂದ ಸೈಕ್ಲಿಂಗ್ ಮಾಡುತ್ತಿದ್ದೀರಿ?’ ಎಂದು ನಾವು ಹಿಂದಿಯಲ್ಲಿ ಕೇಳಿದಾಗ ಅವರು ನಕ್ಕು, ‘ಸೈಕ್ಲಿಂಗ್ ಇಲ್ಲ ಸಾಹೇಬರೆ, ಧಂಧೆ’ ಎಂದರು. ಪ್ರಶ್ನೆ ತಪ್ಪಾಗಿತ್ತು.

ಸೈಕಲ್ ಸಂಸ್ಕೃತಿಯ ಸ್ಥಿತ್ಯಂತರ ಎಂದು ಇಂದು ಹೇಳುವಾಗ ಈ ಭೇದವನ್ನು ಮರೆಯಲಾಗದು. 1970ರ ದಶಕದಲ್ಲಿ ಲೂನಾ ಮೊಪೆಡ್ಡು, ಅನಂತರ ಸ್ಕೂಟರು, ಬೈಕುಗಳು ಬಂದವು. ಆಟೋರಿಕ್ಷಾ ನಗರದ ದಕ್ಷಿಣಕ್ಕೆ ಹೋಗಬಾರದೆಂಬ ನಿಯಮವಿದ್ದುದರಿಂದ ಉಪನಗರಗಳಲ್ಲಿಯೇ ದಟ್ಟವಾಯಿತು. ನಿಲ್ದಾಣದಿಂದ ಮನೆಗೆ ಹೋಗಲು ಶೇರ್ ರಿಕ್ಷಾ ಸಿಗುವಾಗ ಸೈಕಲ್ಲು ಯಾರಿಗೆ ಬೇಕು? ಗಂಟೆಗಿಷ್ಟು ಎಂದು ಸೈಕಲ್ಲು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳು ಮೊಬೈಲ್ ರಿಪೇರಿಯ ಅಂಗಡಿಗಳಾದವು. ಹಾಲು ಪ್ಲಾಸ್ಟಿಕ್ ಚೀಲಕ್ಕೆ, ಚೀಲ ಟೆಂಪೋಗೆ ಏರಿತು. 1990ರ ದಶಕದ ಕೊನೆಯಲ್ಲಿ ನಗರದಾದ್ಯಂತ ಮೇಲ್ಸೇತುವೆಗಳನ್ನು ಕಟ್ಟಿದಾಗ ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯ ವೇಗ ಹೆಚ್ಚಿತು. ವೇಗ ಹೆಚ್ಚಿದಷ್ಟೂ ಭಾರ ಹೊತ್ತ ಸೈಕಲ್ಲು ಅದರ ಅಂಚಿಗೆ ಸರಿಯಿತು. ಇದನ್ನೆಲ್ಲ ಅವನತಿಯೆಂದು ಕೊರಗುವುದು ಸುಲಭ. ಎರಡು ಮಣ ಭಾರವನ್ನು ಮಳೆಯಲ್ಲಿ ತುಳಿದವನನ್ನು ಕೇಳಿದರೆ ಮೊಪೆಡ್ಡು ವರವಾಗಿ ಬಂತೆಂದೇ ಹೇಳುತ್ತಾನೆ. ನಾವು ಹಂಬಲಿಸುವ ನಿಧಾನಗತಿ ಬೇರೊಬ್ಬರ ಮೊಣಕಾಲಿನದಾಗಿರಬಾರದು.

ಇದೇ ಹೊತ್ತಿನಲ್ಲಿ ಇನ್ನೊಂದು ಸೈಕಲ್ಲು ರಂಗಕ್ಕೆ ಬಂತು. 1992ರ ‘ಜೋ ಜೀತಾ ವೊಹೀ ಸಿಕಂದರ್’ ಚಿತ್ರದ ಸ್ಪರ್ಧೆಯನ್ನು ನೋಡಿ ಗೇರಿನ ಸೈಕಲ್ಲಿಗೆ ಆಸೆಪಟ್ಟ ಹುಡುಗರು ಮುಂದೆ ಸಂಬಳಗಾರರಾದಾಗ ಅದನ್ನು ಕೊಂಡರು. ಶನಿವಾರ, ಭಾನುವಾರಗಳ ನಸುಕಿನಲ್ಲಿ ಹೆಲ್ಮೆಟ್ಟು, ಮಿನುಗುವ ಕೆಂಪು ದೀಪ, ಮೈಗಂಟಿದ ಬಣ್ಣದ ಅಂಗಿಗಳ ಗುಂಪುಗಳು ದಹಿಸರ್ ನಾಕಾವನ್ನು ದಾಟಿ ಘೋಡ್‌ಬಂದರ್ ಕಡೆಗೋ ವಸಾಯಿ ಕಡೆಗೋ ಹೋಗುತ್ತವೆ. ಆಡಾಕ್ಸ್ ಸಂಪ್ರದಾಯದ ದೂರಯಾತ್ರೆಗಳಲ್ಲಿ 200 ಕಿಲೊಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ, 600 ಕಿಲೊಮೀಟರನ್ನು 40 ಗಂಟೆಗಳೊಳಗೆ ಮುಗಿಸಬೇಕು. ಮುಂಬಯಿಯಲ್ಲಿ ಇದಕ್ಕೆ ಸಾಕಷ್ಟು ಅಭ್ಯಾಸಿಗಳಿದ್ದಾರೆ. ಅವರಲ್ಲಿ ಬ್ಯಾಂಕಿನ ಅಧಿಕಾರಿಗಳೂ ವೈದ್ಯರೂ ಗೃಹಿಣಿಯರೂ ಇದ್ದಾರೆ. ಸೀಟು ಏರಿ ಹೆದ್ದಾರಿಗೆ ಇಳಿದ ಹೆಂಗಸರನ್ನು ಹಳೆಯ ಹೇರಿನ ಸೈಕಲ್ಲು ಎಂದೂ ಕಂಡಿರಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಈ ಹೊಸ ಸವಾರರಿಗೆ ಪ್ರಿಯವಾದ ಇನ್ನೊಂದು ದಾರಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನದು. ಬೋರಿವಲಿಯ ದ್ವಾರದಲ್ಲಿ ಬಾಡಿಗೆ ಸೈಕಲ್ಲು ಸಿಗುತ್ತದೆ. ಬೀದಿಯಲ್ಲಿ ಅಳಿದ ಬಾಡಿಗೆ ಸೈಕಲ್ಲು ಕಾಡಿನ ಬಾಗಿಲಿನಲ್ಲಿ ಉಳಿದುಕೊಂಡಿದೆ. ಅಲ್ಲಿಂದ ಸುಮಾರು 6 ಕಿಲೊಮೀಟರು ಏರಿದರೆ ಕಾನ್ಹೇರಿ ಗುಹೆಗಳು. ಕನ್ನಡದ ವಿದ್ಯಾರ್ಥಿಗೆ ಅದು ಪರಕೀಯ ನೆಲವಲ್ಲ. ಅಲ್ಲಿನ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಲ್ಲಿ, ಶಕ 765, 775 ಮತ್ತು 799ರವುಗಳಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಹೆಸರೂ ಅವನ ಮಾಂಡಲಿಕರಾಗಿ ಕೊಂಕಣವನ್ನಾಳಿದ ಶಿಲಾಹಾರ ಪುಲ್ಲಶಕ್ತಿ, ಕಪರ್ದಿಗಳ ಹೆಸರೂ ಬರುತ್ತವೆ. ‘ಕವಿರಾಜಮಾರ್ಗ’ದ ನೃಪತುಂಗನೇ ಈ ಅಮೋಘವರ್ಷ. ಬೌದ್ಧ ವಿಹಾರಕ್ಕೆ ಕೊಟ್ಟ ದತ್ತಿಯನ್ನು ದಾಖಲಿಸುವ ಆ ಬರಹಗಳು ಗುಡ್ಡಕ್ಕೆ ಅಕ್ಕಿಯನ್ನೂ ಎಣ್ಣೆಯನ್ನೂ ಹೊತ್ತು ಏರಿದವರ ಹೆಸರನ್ನು ಹೇಳುವುದಿಲ್ಲ. ದತ್ತಿಯ ಶಾಸನ ದಾನಿಯನ್ನು ನೆನೆಯುತ್ತದೆ, ಸುಂಕದ ಶಾಸನ ಹೇರನ್ನು ಎಣಿಸುತ್ತದೆ. ನಮ್ಮ ಕಾಲದ ಸೈಕಲ್ ದಾಖಲೆಗಳೆಲ್ಲ ಮೊದಲ ಬಗೆಯವು.

ನಗರ ಯೋಜನೆಯೂ ಇದೇ ಕಣ್ಣಿನಿಂದ ನೋಡಿದೆ. 2011ರಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಸುಮಾರು 13 ಕಿಲೊಮೀಟರು ಸೈಕಲ್ ಪಥವನ್ನು ಹಾಕಲಾಯಿತು. ಅದು ವಾಹನ ನಿಲ್ಲಿಸುವ ಜಾಗವಾಗಿ, ಕೊನೆಗೆ ರಸ್ತೆ ಅಗಲಿಸಲು ಅದನ್ನು ತೆಗೆಯುವ ತೀರ್ಮಾನವಾಯಿತು. 2017ರಲ್ಲಿ ತಾನ್ಸಾ ನೀರಿನ ಕೊಳವೆಗಳ ಬದಿಗೆ 39 ಕಿಲೊಮೀಟರಿನ ಪಥದ ಯೋಜನೆ ಬಂತು. ಪೊವಾಯಿ ಕೆರೆಯ ಸುತ್ತಲಿನ ಪಥದ ಕಾಮಗಾರಿ ಕಾನೂನುಬಾಹಿರವೆಂದು ಮುಂಬಯಿ ಉಚ್ಚ ನ್ಯಾಯಾಲಯ 2022ರ ಮೇ ತಿಂಗಳಿನಲ್ಲಿ ತೀರ್ಪಿತ್ತಿತು. ಇವು ಯಾವುವೂ ಹಾಲಿನವನ, ಪಾವಿನವನ ದಾರಿಯ ಮೇಲೆ ಬರುವುದಿಲ್ಲ. ಕೊಳವೆಯ ಬದಿಯಲ್ಲಿ ಗಿರಾಕಿಯ ಮನೆಯಿಲ್ಲ. ಇನ್ನೊಂದೆಡೆ ನಗರದ ಹೊಸ ಹೆಮ್ಮೆಗಳಾದ 2009ರ ಬಾಂದ್ರಾ-ವರ್ಲಿ ಸಮುದ್ರ ಸೇತುವೆ, 2024ರ ಅಟಲ್ ಸೇತು, ಅದೇ ವರ್ಷ ತೆರೆದ ಕರಾವಳಿ ರಸ್ತೆ ಈ ಮೂರರ ಮೇಲೂ ಸೈಕಲ್ಲಿಗೆ ಪ್ರವೇಶವಿಲ್ಲ. ಹೊರನಾಡಿನ ಸಂಶೋಧಕರಿಗೆ ಹೋಲಿಕೆಗೆಂದು ಮೈಸೂರಿನ ಉದಾಹರಣೆಯನ್ನು ಹೇಳಬಹುದು. 2017ರ ಜೂನ್‌ನಲ್ಲಿ ಅಲ್ಲಿ 450 ಸೈಕಲ್ಲುಗಳಿಂದ ಆರಂಭವಾದ ಸಾರ್ವಜನಿಕ ಸೈಕಲ್ ವ್ಯವಸ್ಥೆಗೆ ಗಂಟೆಯ ಸದ್ದಿನಿಂದ ‘ಟ್ರಿಣ್ ಟ್ರಿಣ್’ ಎಂದು ಹೆಸರಿಟ್ಟರು. ಮೈಸೂರಿನಲ್ಲಿ ಸೈಕಲ್ಲು ತುಳಿದ ನೆನಪು ಮಧ್ಯಮ ವರ್ಗಕ್ಕೇ ಇತ್ತು, ಹೆಸರು ಹಿಡಿಸಿತು. ದಹಿಸರ್‌ನಲ್ಲಿ ಗಂಟೆ ಕೇಳಿದರೆ ಜನ ಪಾವ್ ಬಂತೆಂದು ಬಾಗಿಲು ತೆರೆಯುತ್ತಾರೆ.

2020ರ ಮಾರ್ಚ್‌ನಲ್ಲಿ ಲೋಕಲ್ ರೈಲು ನಿಂತಿತು. ಅಗತ್ಯ ಸೇವೆಯವರಿಗೆ ಜೂನ್ 15ರಿಂದ, ಸಾಮಾನ್ಯರಿಗೆ 2021ರ ಫೆಬ್ರವರಿ 1ರಿಂದ, ಅದೂ ನಿಗದಿತ ವೇಳೆಗಳಲ್ಲಿ ಮಾತ್ರ, ಅದು ಮರಳಿ ದೊರೆಯಿತು. ರೈಲಿನ ಊರಿನಿಂದ ರೈಲನ್ನು ತೆಗೆದರೆ ಏನುಳಿಯುತ್ತದೆ ಎಂಬುದು ಆ ತಿಂಗಳುಗಳಲ್ಲಿ ಕಂಡಿತು. ನಾಲಾಸೋಪಾರ, ವಸಾಯಿ, ದಹಿಸರ್‌ಗಳಿಂದ ಆಸ್ಪತ್ರೆಯ ವಾರ್ಡ್‌ಬಾಯ್‌ಗಳು, ಕಾವಲುಗಾರರು, ಅಂಗಡಿಯ ಕೆಲಸದವರು ಹೆದ್ದಾರಿಯ ಮೇಲೆ ಸೈಕಲ್ಲು ತುಳಿದರು. ಜೂನ್ 3ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಸರ್ಕಾರದ ಆದೇಶ ಬೆಳಗಿನ 5ರಿಂದ ಸಂಜೆ 7ರವರೆಗೆ ಓಟ, ನಡಿಗೆಗಳ ಜೊತೆಗೆ ಸೈಕ್ಲಿಂಗಿಗೂ ಅನುಮತಿಯಿತ್ತು, ಅಂತರ ಕಾಪಾಡುವ ವ್ಯಾಯಾಮವೆಂದು ಅದನ್ನು ಪ್ರೋತ್ಸಾಹಿಸಿತು. ಅದೇ ರಸ್ತೆಯಲ್ಲಿ ಹೊಟ್ಟೆಗಾಗಿ ತುಳಿಯುತ್ತಿದ್ದವನೂ ಆ ಕಾಗದದ ಪ್ರಕಾರ ವ್ಯಾಯಾಮ ಮಾಡುತ್ತಿದ್ದ. ಆ ವರ್ಷದ ಜೂನ್ 3, ವಿಶ್ವ ಸೈಕಲ್ ದಿನದಂದು, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಗೇರಿನ ಸೈಕಲ್ಲಿಗೆ ಅಂಗಡಿಗಳಲ್ಲಿ ಸರದಿ ಹತ್ತಿತು. ಕಚೇರಿಗಳು ಮುಚ್ಚಿದ್ದರಿಂದ ಡಬ್ಬಾವಾಲಾಗಳಲ್ಲಿ ಬಹಳ ಮಂದಿ ಊರಿಗೆ ಹೋದರು. ನಿಲ್ದಾಣಗಳ ಬದಿಗೆ ಸರಪಳಿ ಹಾಕಿ ನಿಲ್ಲಿಸಿದ ಅವರ ಸೈಕಲ್ಲುಗಳ ರಿಮ್ಮುಗಳಿಗೆ ಆ ಮಳೆಗಾಲ ತುಕ್ಕು ಹಿಡಿಯಿತು.

2022ರ ಏಪ್ರಿಲ್‌ನಲ್ಲಿ ದಹಿಸರ್ ಪೂರ್ವದಿಂದ ಎರಡು ಮೆಟ್ರೋ ಮಾರ್ಗಗಳು ಆರಂಭವಾದವು. ಅವುಗಳ ಬೋಗಿಯಲ್ಲಿ ಸೈಕಲ್ಲನ್ನು ಒಯ್ಯಲು ಅವಕಾಶ ಕೊಡಲಾಯಿತು. ಮುಂಬಯಿಯ ಪ್ರಯಾಣ ಸೌಕರ್ಯದಲ್ಲಿ ಸೈಕಲ್ಲಿಗೆ ದೊರೆತ ಮೊದಮೊದಲ ಗೌರವಗಳಲ್ಲಿ ಇದೊಂದು. ಮೆಟ್ರೋದ ಕೆಳಗೆ, ಊಟ-ದಿನಸಿ ತಲುಪಿಸುವ ಹುಡುಗರು ಬೆನ್ನಿಗೆ ಚೌಕಾಕಾರದ ಚೀಲ ಕಟ್ಟಿ ನಿಂತಿರುತ್ತಾರೆ. ಕೆಲವರದು ಸೈಕಲ್ಲು, ಕೆಲವರದು ದಿನಬಾಡಿಗೆಯ ವಿದ್ಯುತ್ ವಾಹನ. ಅವರಲ್ಲಿ ಕಲಬುರಗಿ ಕಡೆಯ ಕನ್ನಡ ಮಾತನಾಡುವ ಹುಡುಗನೊಬ್ಬನನ್ನು ನಾವು ಮಾತನಾಡಿಸಿದೆವು. ಗಾಡಿ ನಿನ್ನದೇನಪ್ಪಾ ಎಂದರೆ, ‘ಇಲ್ರೀ ಸರ್, ಕಂಪನೀದು’ ಎಂದ. ನಮಗೆ ಮಾವನ ನೆನಪಾಯಿತು. ಒಂದು ವ್ಯತ್ಯಾಸವಿದೆ: ಈ ಹುಡುಗನ ಪ್ರತಿ ತಿರುವೂ, ಪ್ರತಿ ನಿಮಿಷವೂ ಎಲ್ಲಿಯೋ ದಾಖಲಾಗುತ್ತಿದೆ. ಹೇರಿಗೆ ಮತ್ತೆ ಲೆಕ್ಕ ಬಂದಿದೆ. ಆ ಲೆಕ್ಕ ಇರುವುದು ಕಂಪನಿಯ ಬಳಿ.

ಹಾಗಾದರೆ ಉಳಿದವರ ಚರಿತ್ರೆಯನ್ನು ಎಲ್ಲಿ ಹುಡುಕುವುದು? ಮೌಖಿಕ ಆಕರಗಳಲ್ಲಿ, ರಿಪೇರಿಯವರ ಬಳಿ, ಹಳೆಯ ಹೋಟೆಲುಗಳ ಖರ್ಚಿನ ಪುಸ್ತಕಗಳಲ್ಲಿ ಎಂಬುದು ನಮ್ಮ ಸೂಚನೆ. ಟ್ಯೂಬು, ಟಯರು, ಬ್ರೇಕಿನ ರಬ್ಬರು ಎಂದು ಬರೆದಿಟ್ಟ ಸಾಲುಗಳಲ್ಲಿ ಒಂದು ಸೈಕಲ್ಲು ವರ್ಷಕ್ಕೆಷ್ಟು ದುಡಿಯಿತೆಂಬುದು ಗೊತ್ತಾಗುತ್ತದೆ. ಮುಂಬಯಿಯಲ್ಲಿರುವ ಕನ್ನಡದ ಸಂಶೋಧನಾರ್ಥಿಗಳಿಗೆ ಇಂಥ ಪುಸ್ತಕಗಳು ಇನ್ನೂ ಕೈಗೆಟುಕುವ ದೂರದಲ್ಲಿವೆ. ಹೋಟೆಲುಗಳು ಕೈ ಬದಲಾಗುವಾಗ ಮೊದಲು ರದ್ದಿಗೆ ಹೋಗುವುದೂ ಅವೇ.

ದಹಿಸರ್‌ನ ಹೆದ್ದಾರಿಯ ಬದಿಗೆ ಒಬ್ಬ ಪಂಕ್ಚರಿನವರು ಈಗಲೂ ಕೂರುತ್ತಾರೆ: ನೀರಿನ ತಗಡು ಬಾಣಲಿ, ಕಾಲಲ್ಲಿ ಒತ್ತುವ ಪಂಪು, ಗೂಟಕ್ಕೆ ಸಿಕ್ಕಿಸಿದ ಹಳೆಯ ಟಯರು. ಪಾವಿನವರ, ಚಹಾದವರ ಸೈಕಲ್ಲಿಗೆ ರಬ್ಬರಿನ ಸಣ್ಣ ನಳಿಕೆ ತೊಡಿಸುವ ಹಳೆಯ ವಾಲ್ವು ಸಾಕು. ಭಾನುವಾರ ಬೆಳಗ್ಗೆ ಬರುವ ಸಪೂರ ಟಯರಿನ ಸೈಕಲ್ಲುಗಳ ವಾಲ್ವು ಬೇರೆ. ಅದಕ್ಕೆ ಅವರ ಪಂಪು ಹಿಡಿಯುತ್ತಿರಲಿಲ್ಲ. ಗಾಳಿಯಿಲ್ಲದೆ ಸಿಕ್ಕಿಬಿದ್ದ ಸವಾರರೊಬ್ಬರು ಯಾವಾಗಲೋ ಕೊಟ್ಟುಹೋದ ಬೆರಳುಗುರಿನಷ್ಟು ಹಿತ್ತಾಳೆಯ ತಿರುಪನ್ನು ಅವರು ಪಂಪಿನ ಕುತ್ತಿಗೆಗೆ ದಾರ ಹಾಕಿ ಕಟ್ಟಿಕೊಂಡಿದ್ದಾರೆ. ಅದಕ್ಕೆ ಬೇರೆ ದರವಿದೆಯೇ ಎಂದು ಕೇಳಿದೆವು. ಗಾಳಿ ಎಲ್ಲರಿಗೂ ಒಂದೇ ದರ ಎಂದು ಹೇಳಿ, ಮುಂದಿನ ಚಕ್ರವನ್ನು ಹತ್ತಿರಕ್ಕೆ ಎಳೆದುಕೊಂಡರು.